ನಡುವಯಸ್ಸಿನಲ್ಲಿ ಬಂದ ಉಗ್ಗು

ನಮ್ಮ ಅಪ್ಪನಿಗೆ ಬೀದಿಯವರು ಇಟ್ಟಿದ್ದ ಹೆಸರು ರೇಡಿಯೊ. ಬೆಳಿಗ್ಗೆ ಅಂಗಡಿಯ ಷಟರ್ ಎತ್ತುವಾಗ ಶುರುವಾದ ಮಾತು ಸಂಜೆ ಅದನ್ನು ಎಳೆದು ಬೀಗ ಹಾಕುವವರೆಗೂ ನಿಲ್ಲುತ್ತಿರಲಿಲ್ಲ. ಎದುರುಗಡೆ ಅಂಗಿಗುಂಡಿ, ಲೇಸು ಮಾರುವ ಅಂಗಡಿಯಾಕೆ ಅಮ್ಮನನ್ನು ಕಂಡಾಗಲೆಲ್ಲ, "ಮನೇಲಾದ್ರೂ ಆಫ್ ಆಗ್ತಾರಾ?" ಎಂದು ಕೇಳುತ್ತಿದ್ದಳು. "ನಿದ್ದೇಲಿ ಸ್ವಲ್ಪ ಸಣ್ಣಗಾಗುತ್ತೆ ಅಷ್ಟೇ," ಅನ್ನುತ್ತಿದ್ದಳು ಅಮ್ಮ.

ನಮ್ಮದು ಫೋಟೋಗಳಿಗೆ ಕಟ್ಟು ಹಾಕುವ, ಕಿಟಕಿಗೆ ಗಾಜು, ಗೋಡೆಗೆ ಕನ್ನಡಿ ಕೂರಿಸಿಕೊಡುವ ಅಂಗಡಿ. ಅಗಲ ಕಡಿಮೆ, ಉದ್ದ ಜಾಸ್ತಿ. ಮುಂದುಗಡೆ ಅಪ್ಪನ ಕೌಂಟರು. ಅದರ ಹಿಂದಿನ ಗೋಡೆಯ ತುಂಬ ಕಟ್ಟುಗಳ ಮೂಲೆ ತುಂಡುಗಳನ್ನು ಮಾದರಿಗೆಂದು ಮೊಳೆ ಹೊಡೆದು ತೂಗುಹಾಕಿದ್ದರು. ದೂರದಿಂದ ಹಾರುವ ಹಕ್ಕಿಗಳ ಸಾಲಿನಂತೆ ಕಾಣುತ್ತಿತ್ತು. ನಡುವೆ ಹಲಗೆಯ ಒಂದು ಅಡ್ಡಗೋಡೆ. ಅದರಾಚೆ ದೊಡ್ಡಪ್ಪನ ಮೇಜು, ಮೇಜಿನ ಮೇಲೊಂದು ಹಳೆಯ ಕಂಬಳಿ, ಕಂಬಳಿಯ ಮೇಲೆ ಗಾಜು. ದೊಡ್ಡಪ್ಪ ಅಳತೆಪಟ್ಟಿ ಒತ್ತಿ ಹಿಡಿದು ಕಟ್ಟರ್ ಎಳೆದರೆ ಕಿರ್ ಎಂದು ಒಂದೇ ಗೆರೆ. ಕೆಳಗಿನಿಂದ ಮೆಲ್ಲಗೆ ತಟ್ಟಿದರೆ ಗಾಜು ಟಕ್ ಎಂದು ಎರಡಾಗುತ್ತಿತ್ತು. ಶಾಲೆ ಬಿಟ್ಟ ಮೇಲೆ ನಾನು ಆ ಅಡ್ಡಗೋಡೆಗೆ ಬೆನ್ನು ಕೊಟ್ಟು ಸ್ಟೂಲಿನ ಮೇಲೆ ಕೂತು ಲೆಕ್ಕ ಮಾಡುತ್ತಿದ್ದೆ. ಮುಂದಿನಿಂದ ಅಪ್ಪನ ಮಾತು, ಹಿಂದಿನಿಂದ ದೊಡ್ಡಪ್ಪನ ಗಾಜು. ಮರದ ಹೊಟ್ಟು, ಅಂಟು, ವಾರ್ನಿಷಿನ ವಾಸನೆ. ಈಗಲೂ ಎಲ್ಲಾದರೂ ಬಡಗಿ ಕೆಲಸ ನಡೆಯುತ್ತಿದ್ದರೆ ನಾನು ಸುಮ್ಮನೆ ಒಂದು ಗಳಿಗೆ ನಿಂತುಬಿಡುತ್ತೇನೆ.

ಅಪ್ಪನ ಮಾತೆಂದರೆ ಅರಳು ಹುರಿದ ಹಾಗೆ. ಹೊಸ ಗಂಡಹೆಂಡಿರು ಮದುವೆಯ ಫೋಟೋ ತಂದರೆ, "ಇದಕ್ಕೆ ದಪ್ಪ ಗಾಜೇ ಹಾಕೋಣ. ನಿಮ್ಮಿಬ್ಬರ ಮಧ್ಯೆ ಬಿರುಕು ಬಂದ್ರೂ ಗಾಜಲ್ಲಿ ಬರಬಾರದು," ಅನ್ನುತ್ತಿದ್ದ. ಅವರು ನಗುವಷ್ಟರಲ್ಲಿ ಆ ಹುಡುಗಿಯ ಊರು, ಹುಡುಗನ ಕೆಲಸ, ಅತ್ತೆಯ ಮಂಡಿನೋವು ಎಲ್ಲ ಅಪ್ಪನಿಗೆ ಗೊತ್ತಾಗಿರುತ್ತಿತ್ತು. ಅವನ ಬಳಿ ಕಿಟಕಿ ಗಾಜಿಗೆಂದು ಬಂದವರು ಕನ್ನಡಿಯನ್ನೂ ಕೊಂಡುಹೋಗುತ್ತಿದ್ದರು.

ದೊಡ್ಡಪ್ಪನಿಗೆ ಹುಟ್ಟಿನಿಂದ ಉಗ್ಗು. ಮಾತಿನ ಮೊದಲ ಅಕ್ಷರದಲ್ಲೇ ಸಿಕ್ಕಿಬೀಳುತ್ತಿದ್ದ. "ಕ... ಕ... ಕ..." ಎಂದು ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬಿಸಿ, ಒಂದು ಕೈಯಿಂದ ತೊಡೆ ಹಿಡಿದುಕೊಳ್ಳುತ್ತಿದ್ದ. ಆಮೇಲೆ "ಕನ್ನಡಿ" ಎಂಬುದು ಒಟ್ಟಿಗೆ ಹೊರಬೀಳುತ್ತಿತ್ತು. ಎಷ್ಟೋ ಸಲ ಅದೂ ಬೇಡವಾಗಿ ಸುಮ್ಮನಾಗಿಬಿಡುತ್ತಿದ್ದ. ಅವನು ಸುಮ್ಮನಾಗುವ ಮೊದಲೇ ಅಪ್ಪ ಆ ಮಾತನ್ನು ಎತ್ತಿಕೊಂಡು ಮುಗಿಸುತ್ತಿದ್ದ. ಚಿಕ್ಕಂದಿನಿಂದ ಬಂದ ರೂಢಿ ಅದು. ಬಸ್ಸಿನಲ್ಲಿ ಟಿಕೆಟ್ ಕೇಳುವವನು ತಮ್ಮ, ಡಾಕ್ಟರ ಹತ್ತಿರ ಅಣ್ಣನ ಹೊಟ್ಟೆನೋವು ವಿವರಿಸುವವನೂ ತಮ್ಮ. ಶಾಲೆಯಲ್ಲಿ ಯಾರೋ ಅಣ್ಣನನ್ನು ಅಣಕಿಸಿದಾಗ ಅಪ್ಪ ಆ ಹುಡುಗನ ತೋಳು ಕಚ್ಚಿ, ಹೆಡ್ ಮಾಸ್ತರರ ಕೋಣೆಯಲ್ಲಿ ಮಧ್ಯಾಹ್ನವಿಡೀ ನಿಂತಿದ್ದನಂತೆ. ಇಡೀ ಬೀದಿ ಒಂದಲ್ಲ ಒಂದು ದಿನ ದೊಡ್ಡಪ್ಪನಂತೆ ಮಾತಾಡಿ ನಕ್ಕಿರಬಹುದು. ಅಪ್ಪ ಮಾತ್ರ ತಮಾಷೆಗೂ ಹಾಗೆ ಮಾಡಿದವನಲ್ಲ.

ನಾನು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಗ ಮೇಲಿನ ಬೀದಿಯಲ್ಲಿ ಒಂದು ಹೊಸ ಸಲೂನ್ ತೆರೆದರು. ಗೋಡೆಯಷ್ಟಗಲದ ಕನ್ನಡಿ ಕೂರಿಸುವ ಕೆಲಸ ನಮಗೆ ಬಂತು. ದೊಡ್ಡಪ್ಪ ಕೆಳಗೆ ನಿಂತು ಕನ್ನಡಿಯನ್ನು ಎರಡೂ ಕೈಯಿಂದ ಆನಿಸಿ ಹಿಡಿದಿದ್ದ. ಅಪ್ಪ ಏಣಿ ಹತ್ತಿ ಮೇಲಿನ ಸ್ಕ್ರೂ ಬಿಗಿಯುತ್ತ ಸಲೂನಿನವನಿಗೆ ಏನೋ ಕತೆ ಹೇಳುತ್ತಿದ್ದ. ನೆಲಕ್ಕೆ ಆಗಷ್ಟೇ ಪಾಲಿಶ್ ಆಗಿತ್ತು. ಏಣಿಯ ಕಾಲು ಜಾರಿತು. ಅಪ್ಪ ಹಿಂದಕ್ಕೆ ಬಿದ್ದ. ಕಲ್ಲಿನ ಕಟ್ಟೆಯ ಅಂಚು ತಲೆಯ ಎಡಭಾಗಕ್ಕೆ ಬಡಿಯಿತು. ತಮ್ಮ ಬೀಳುವುದನ್ನು ದೊಡ್ಡಪ್ಪ ಕನ್ನಡಿಯಲ್ಲಿ ನೋಡಿದ. ಕೈಬಿಟ್ಟಿದ್ದರೆ ಅಷ್ಟು ದೊಡ್ಡ ಗಾಜು ಕೆಳಗೆ ಬಿದ್ದವನ ಮೇಲೇ ಬೀಳುತ್ತಿತ್ತು. ಸಲೂನಿನವರು ಓಡಿಬಂದು ಕನ್ನಡಿ ಹಿಡಿದುಕೊಳ್ಳುವವರೆಗೂ ಅವನು ಹಾಗೇ ನಿಂತಿದ್ದ.

ತಲೆಬುರುಡೆಯೊಳಗೆ ರಕ್ತ ಹೆಪ್ಪುಗಟ್ಟಿತ್ತು. ಆಪರೇಷನ್ ಆಯಿತು. ಅಪ್ಪ ಕಣ್ಣು ಬಿಟ್ಟಾಗ ನಮ್ಮೆಲ್ಲರ ಗುರುತು ಸಿಕ್ಕಿತು. ಬಲಗೈಯ ಹಿಡಿತ ಸಡಿಲವಾಗಿತ್ತು, ಅದೂ ದಿನದಿನಕ್ಕೆ ಬಿಗಿಯಾಗುತ್ತ ಬಂತು. ಮೊದಮೊದಲು ಹೂಂ, ಉಹೂಂ ಬಿಟ್ಟರೆ ಮಾತಿರಲಿಲ್ಲ. ಅಮ್ಮ ಮಂಚದ ಪಕ್ಕ ಕೂತು, "ಇವರು ಇಷ್ಟು ಹೊತ್ತು ಸುಮ್ಮನಿದ್ದದ್ದನ್ನ ನಾನು ನೋಡೇ ಇಲ್ಲ," ಎಂದು ನರ್ಸಿಗೆ ಹೇಳಿ ನಗಲು ಹೋಗಿ ಅತ್ತಳು.

ಮಾತು ಬಂದ ದಿನ ದೊಡ್ಡಪ್ಪ ಫ್ಲಾಸ್ಕಿನಲ್ಲಿ ಗಂಜಿ ತಂದಿದ್ದ. ನಮ್ಮ ಬೀದಿಯ ಪೇಪರ್ ಅಂಗಡಿಯವನೂ ನೋಡಲು ಬಂದಿದ್ದ. ಅಪ್ಪ ಅಣ್ಣನ ಕಡೆ ತಿರುಗಿ, "ಅಣ್ಣ-ಣ್ಣ-ಣ್ಣ, ಕನ್ನಡಿ-ಡಿ-ಡಿ ಒಡೀತಾ-ತಾ-ತಾ?" ಎಂದು ಕೇಳಿದ.

ಪೇಪರ್ ಅಂಗಡಿಯವನು ಗೊಳ್ಳೆಂದು ನಕ್ಕ. "ಏನ್ ರೇಡಿಯೊ, ಆಸ್ಪತ್ರೇಲೂ ತಮಾಷೆನಾ? ಅದೂ ಅಣ್ಣನ್ನೇ ಅಣಕಿಸ್ತೀಯಲ್ಲ!"

ದೊಡ್ಡಪ್ಪ ಫ್ಲಾಸ್ಕನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಗೆ ನಡೆದ. ಅಪ್ಪ ಕೂಗಲು ನೋಡಿದ. "ಅಣ್ಣ-ಣ್ಣ-ಣ್ಣ" ಎಂದು ಆ ಕೊನೆಯ ಅಕ್ಷರದಲ್ಲೇ ಸುತ್ತಿದ. ಅವನು ಕೂಗಿದಷ್ಟೂ ಅದು ಅಣಕದಂತೆಯೇ ಕೇಳುತ್ತಿತ್ತು. ನಾನು ಅಪ್ಪನ ಕಣ್ಣು ನೋಡಿದೆ. ಅವನು ತಮಾಷೆ ಮಾಡುವಾಗ ಎಡಗಣ್ಣು ಕಿರಿದಾಗುತ್ತಿತ್ತು. ಈಗ ಎರಡೂ ಕಣ್ಣು ಅಗಲವಾಗಿದ್ದವು.

ಡಾಕ್ಟರು ಬಂದು ಪರೀಕ್ಷೆ ಮಾಡಿದರು. ಮಿದುಳಿಗೆ ಪೆಟ್ಟು ಬಿದ್ದವರಲ್ಲಿ ಕೆಲವರಿಗೆ ಹೀಗಾಗುತ್ತದೆ, ಮಾತಿನ ಓಟವನ್ನು ಹಿಡಿತದಲ್ಲಿಡುವ ದಾರಿ ಎಲ್ಲೋ ಕೆಟ್ಟಿದೆ, ಅಭ್ಯಾಸದಿಂದ ಸಾಕಷ್ಟು ಸುಧಾರಿಸಬಹುದು ಎಂದರು. ಅಮ್ಮ ಹೊರಗೆ ಹೋಗಿ ಹುಡುಕಿದಳು. ದೊಡ್ಡಪ್ಪ ನೀರಿನ ನಲ್ಲಿಯ ಪಕ್ಕದ ಬೆಂಚಿನ ಮೇಲೆ ಕೂತಿದ್ದನಂತೆ. "ಭಾವ, ಅದು ಅಣಕ ಅಲ್ಲ. ಏಟಿನಿಂದ ಬಂದಿದ್ದಂತೆ," ಎಂದಳು. ಅವನು ಎದ್ದು ಓಡುನಡಿಗೆಯಲ್ಲಿ ಒಳಗೆ ಬಂದ, ಅಪ್ಪನ ಸಡಿಲ ಬಲಗೈಯನ್ನು ತನ್ನೆರಡು ಕೈಯೊಳಗೆ ಹಿಡಿದುಕೊಂಡು, "ಒ... ಒ... ಒಡೀಲಿಲ್ಲ ಪುಟ್ಟ. ಹಿ... ಹಿಡಿದಿದ್ದೆ," ಎಂದ.

ಮನೆಗೆ ಬಂದ ಮೇಲೆ ಆಸ್ಪತ್ರೆಯ ಹಿಂಬದಿಯ ಕಟ್ಟಡದಲ್ಲಿದ್ದ ಸ್ಪೀಚ್ ಥೆರಪಿಯ ಕೋಣೆಗೆ ವಾರವಾರ ಓಡಾಟ ಶುರುವಾಯಿತು. ಒಂದು ಮೇಜು, ಮೂರು ಕುರ್ಚಿ, ಗೋಡೆಗೊಂದು ಕನ್ನಡಿ. "ಇದನ್ನ ಸೊ-ಸೊಟ್ಟ ಕೂರಿಸಿದ್ದಾರೆ-ರೆ-ರೆ" ಎಂಬುದು ಅಲ್ಲಿ ಅಪ್ಪ ಆಡಿದ ಮೊದಲ ಮಾತು. ಥೆರಪಿಸ್ಟ್ ತೆಳ್ಳಗೆ, ಎತ್ತರಕ್ಕಿದ್ದ ಹೆಂಗಸು. ನಮ್ಮ ಮನೆಯಲ್ಲಿ ಆಕೆಗೆ ಮಾತಿನ ಮೇಡಂ ಎಂದೇ ಹೆಸರಾಯಿತು. ಅಪ್ಪ ಒಬ್ಬನೇ ಬಸ್ಸಿನಲ್ಲಿ ಹೋಗುವಂತಿರಲಿಲ್ಲವಾದ್ದರಿಂದ ಜೊತೆಗೆ ದೊಡ್ಡಪ್ಪ. ರಜೆಯಿದ್ದಾಗ ನಾನೂ ಹೋಗುತ್ತಿದ್ದೆ.

ಮೇಡಂ ಅಪ್ಪನ ಕೈಗೆ ಕೊಕ್ಕರೆಯ ಬಗ್ಗೆ ನಾಲ್ಕು ಸಾಲು ಕೊಟ್ಟು ಓದಿಸಿದರು. ಮತ್ತೆ ಓದಿ, ಮತ್ತೆ ಓದಿ ಎಂದರು. ಪ್ರತಿ ಸಲವೂ ಅಷ್ಟೇ ಕಡೆ ಸಿಕ್ಕಿಬಿದ್ದ. "ಈ ಕೊಕ್ಕರೆ-ರೆ-ರೆ ಇನ್ನೂ ಹಾರಿಲ್ವಾ ಮೇಡಂ?" ಎಂದ. ಮೂಲೆಯಲ್ಲಿ ಕೂತಿದ್ದ ದೊಡ್ಡಪ್ಪ ಏನೋ ಹೇಳಲು ಹೋಗಿ "ಕ... ಕ..." ಎಂದಾಗ ಮೇಡಂ ಅವನ ಕಡೆ ತಿರುಗಿದರು. "ನಿಮಗೆ ಚಿಕ್ಕಂದಿನಿಂದಾನಾ? ನೀವೂ ಒಮ್ಮೆ ಓದ್ತೀರಾ?"

ದೊಡ್ಡಪ್ಪ ಹಣೆಯ ಬೆವರು ಒರೆಸಿಕೊಂಡು ಓದಿದ. ಮೊದಲ ಸಲ ಅಪ್ಪನಿಗಿಂತ ಕಷ್ಟಪಟ್ಟ. ಎರಡನೆಯ ಸಲಕ್ಕೆ ಸ್ವಲ್ಪ ಸಲೀಸಾಯಿತು. ಓದುತ್ತ ಓದುತ್ತ ಅವನ ಕೊಕ್ಕರೆ ಹಾರಿಯೇಬಿಟ್ಟಿತು. ಆಮೇಲೆ ಮೇಡಂ ಇಬ್ಬರಿಗೂ ಏನಾದರೂ ಹಾಡಿ ಎಂದರು. ಅಪ್ಪ ಹಾಡಿನಲ್ಲೂ ತೊದಲಿದ. ದೊಡ್ಡಪ್ಪ ತಲೆ ತಗ್ಗಿಸಿ, ಅಜ್ಜಿ ಹೇಳುತ್ತಿದ್ದ ಒಂದು ಜೋಗುಳವನ್ನು ಮೊದಲಿನಿಂದ ಕೊನೆಯವರೆಗೆ ಒಂದು ಕೊಂಕಿಲ್ಲದೆ ಹಾಡಿದ. ಅಡ್ಡಗೋಡೆಯ ಆಚೆಯಿಂದ ಅವನು ಗುನುಗುವುದನ್ನು ಎಷ್ಟೋ ಸಲ ಕೇಳಿದ್ದೆ. ಪದ ಸೇರಿಸಿ ಹಾಡಿದ್ದನ್ನು ಕೇಳಿದ್ದು ಅದೇ ಮೊದಲು. ಅಪ್ಪ ಬಾಯಿಬಿಟ್ಟುಕೊಂಡು ನೋಡುತ್ತಿದ್ದ.

"ಹೊರಗಿಂದ ನೋಡೋಕೆ ಎರಡೂ ಒಂದೇ ಉಗ್ಗು. ಆದರೆ ಹುಟ್ಟಿದ ಜಾಗ ಬೇರೆ, ಗುಣಾನೂ ಬೇರೆ," ಎಂದರು ಮೇಡಂ. "ಅಣ್ಣನವರದು ಮಾತಿನ ಬಾಗಿಲಲ್ಲೇ ತಡೆಯುತ್ತೆ. ಅದರ ಜೊತೆಗೆ ಭಯಾನೂ ಸೇರ್ಕೊಂಡಿದೆ. ನಿಮ್ಮದು ಮಧ್ಯದಲ್ಲೂ ಬರುತ್ತೆ, ಕೊನೇಲೂ ಬರುತ್ತೆ. ನಿಮಗೆ ಹೆದರಿಕೆ ಇಲ್ಲ, ರೇಗುತ್ತೆ."

"ಸರಿ-ರಿ-ರಿಯಾಗಿ ಹೇಳಿದ್ರಿ," ಎಂದ ಅಪ್ಪ.

ಆಕೆ ಒಂದು ಮರದ ಹಲಗೆ ಕೊಟ್ಟರು. ಅದರಲ್ಲಿ ಉಬ್ಬುಗೆರೆ ಹಾಕಿ ಬಣ್ಣಬಣ್ಣದ ಮನೆಗಳನ್ನು ಮಾಡಿದ್ದರು. ಬೆರಳನ್ನು ಒಂದು ಮನೆಯಿಂದ ಇನ್ನೊಂದಕ್ಕೆ ಸರಿಸುತ್ತ, ಮನೆಗೊಂದು ಅಕ್ಷರದಂತೆ ಮಾತಾಡಬೇಕು. ನೀ, ರು, ಬೇ, ಕು. ಇಯರ್‌ಫೋನ್ ಹಾಕಿ ಅವನ ದನಿಯನ್ನೇ ಅವನಿಗೆ ಸ್ವಲ್ಪ ತಡವಾಗಿ ಕೇಳಿಸುವ ಯಂತ್ರವೂ ಇತ್ತು. ಅದನ್ನು ಹಾಕಿಕೊಂಡರೆ ತಾನಾಗಿ ನಿಧಾನವಾಗುತ್ತಿದ್ದ, ತೊದಲೂ ಕಡಿಮೆಯಾಗುತ್ತಿತ್ತು. "ಒಳಗೊಬ್ಬ ನನ್ನ ಹಿಂ-ಹಿಂದೇನೇ ಬರ್ತಾನೆ-ನೆ," ಎಂದು ದೂರುತ್ತಿದ್ದ. ನಮಗೂ ಪಾಠವಾಯಿತು: ನಿಧಾನ, ನಿಧಾನ ಎಂದು ಹೇಳಬಾರದು. ಮುಖ ತಿರುಗಿಸಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಅವರ ಮಾತನ್ನು ನಾವು ಮುಗಿಸಬಾರದು.

ಹೇಳುವುದು ಸುಲಭ. ಅಪ್ಪ "ಉಪ್ಪು-ಪ್ಪು" ಅನ್ನುವಷ್ಟರಲ್ಲಿ ಅಮ್ಮ ಉಪ್ಪು ತಂದಿಡುತ್ತಿದ್ದಳು. ಬಂದ ನೆಂಟರು ಒಬ್ಬರಾದ ಮೇಲೆ ಒಬ್ಬರು ಅವನ ವಾಕ್ಯಗಳನ್ನು ಊಹಿಸುತ್ತಿದ್ದರು, ಒಗಟು ಬಿಡಿಸುವವರ ಹಾಗೆ. ಅಪ್ಪನಿಗೆ ಎಲ್ಲಕ್ಕಿಂತ ಸಂಕಟವಾದದ್ದು ತಮಾಷೆಯ ವಿಷಯದಲ್ಲಿ. ನಗು ಬರಬೇಕಾದದ್ದು ಕೊನೆಯ ಮಾತಿನಲ್ಲಿ. ಅವನು ಸಿಕ್ಕಿಬೀಳುತ್ತಿದ್ದದ್ದೂ ಅಲ್ಲೇ. ಎದುರಿನವರು ಮೊದಲೇ ಅರ್ಥಮಾಡಿಕೊಂಡು, ಪಾಪ ಎಂದು ನಗುತ್ತಿದ್ದರು. ಅವನು ಅಂಗಡಿಗೆ ಹೋಗುವುದನ್ನೇ ಬಿಟ್ಟ. ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿಯ ಅಂಗಿ ಹಾಕಿಕೊಂಡು, ಕಿಟಕಿಯ ಬಳಿ ಕೂತು ರಸ್ತೆ ನೋಡುತ್ತಿದ್ದ.

ಅಂಗಡಿಯ ಕೌಂಟರಿನಲ್ಲಿ ಯಾರಾದರೂ ಕೂರಲೇಬೇಕಿತ್ತು. ದೊಡ್ಡಪ್ಪ ಅಡ್ಡಗೋಡೆ ದಾಟಿ ಮುಂದೆ ಬಂದ. ಮೊದಲ ವಾರ ನಾನೂ ಶಾಲೆಯಿಂದ ನೇರ ಅಲ್ಲಿಗೇ ಹೋಗುತ್ತಿದ್ದೆ, ಸಹಾಯಕ್ಕಿರಲಿ ಎಂದು. ಬ್ರೀಫ್‌ಕೇಸ್ ಹಿಡಿದ ಒಬ್ಬರು ಬಂದು ಕಟ್ಟುಗಳ ವಿಷಯ ಕೇಳಿದರು. ದೊಡ್ಡಪ್ಪ "ಸಾ... ಸಾ..." ಎಂದು ಸಾಗುವಾನಿ ಎಂಬ ಮಾತಿನ ಹೊಸ್ತಿಲಲ್ಲಿ ನಿಂತಿದ್ದ. ಆತ ಗಡಿಯಾರ ನೋಡಿಕೊಂಡು, "ಬೇಗ ಹೇಳಿ ಸ್ವಾಮಿ," ಎಂದರು. ದೊಡ್ಡಪ್ಪ ಕಣ್ಣು ಮುಚ್ಚಿ, ತೊಡೆ ಹಿಡಿದು, ಹೇಳಿಯೇ ಹೇಳಿದ: "ಬೇ... ಬೇಗ ಬೇ... ಬೇಕಿದ್ರೆ ಕೆಳಗಿನ ಬೀದೀಲಿ ಒ... ಒಬ್ಬನಿದ್ದಾನೆ. ಮಾತು ಬೇಗ, ಕೆ... ಕೆಲಸ ನಿಧಾನ. ಇಲ್ಲಿ ಉ... ಉಲ್ಟಾ."

ಆತ ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ನಕ್ಕು ಸ್ಟೂಲು ಎಳೆದುಕೊಂಡು ಕೂತರು. ಎಂಥ ಆಶ್ಚರ್ಯವೆಂದರೆ, ನಮ್ಮ ಮನೆಯಲ್ಲಿ ಇನ್ನೊಬ್ಬ ತಮಾಷೆಗಾರ ಇದ್ದಾನೆಂದು ಹದಿನೈದು ವರ್ಷ ನನಗೆ ಗೊತ್ತೇ ಇರಲಿಲ್ಲ. ಗೊತ್ತಾಗಲು ಅವನಿಗೆ ಒಂದು ವಾಕ್ಯ ಮುಗಿಸುವ ಅವಕಾಶ ಯಾವತ್ತು ಸಿಕ್ಕಿತ್ತು?

ಒಂದು ಭಾನುವಾರ ಮಧ್ಯಾಹ್ನ ಅಪ್ಪನ ಸಿಟ್ಟು ಕಟ್ಟೆಯೊಡೆಯಿತು. ಅವನು ಏನೋ ಹೇಳಲು ಶುರುಮಾಡಿದ್ದ. ಅಮ್ಮ ಊಹಿಸಿ ಮುಗಿಸಿದಳು, ತಪ್ಪಾಗಿತ್ತು. ನಾನು ಮುಗಿಸಿದೆ, ಅದೂ ತಪ್ಪಾಗಿತ್ತು. ಅಪ್ಪ ಲೋಟವನ್ನು ನೆಲಕ್ಕೆ ಕುಕ್ಕಿ, "ನನ್ನ ಮಾ-ಮಾತು ನಾನೇ-ನೇ ಮುಗಿಸ್ತೀನಿ-ನಿ-ನಿ!" ಎಂದ. ಆ ಸಿಟ್ಟಿನ ಮಾತು ತನ್ನ ಕಿವಿಗೇ ಬೇರೆ ಥರ ಕೇಳಿಸಿತೋ ಏನೋ, ಬಾಗಿಲ ಬಳಿ ಕೂತಿದ್ದ ಅಣ್ಣನ ಕಡೆ ತಿರುಗಿ ಬಹಳ ಹೊತ್ತು ನೋಡಿದ. ಆಮೇಲೆ ತೊಡೆಯ ಮೇಲೆ ಬೆರಳು ಸರಿಸುತ್ತ, ಒಂದೊಂದೇ ಅಕ್ಷರವಾಗಿ ಕೇಳಿದ. "ಅ-ಣ್ಣ. ನಾ-ನು ಮು-ಗಿ-ಸ್ತಿ-ದ್ದಾ-ಗ ನಿ-ನ-ಗೂ ಹೀ-ಗೇ ಆ-ಗ್ತಿ-ತ್ತಾ?"

ದೊಡ್ಡಪ್ಪ ಬಹಳ ಹೊತ್ತು ತಡವರಿಸಿದ. ಯಾರೂ ಸಹಾಯಕ್ಕೆ ಹೋಗಲಿಲ್ಲ. "ಕೆ... ಕೆಲವು ಸಲ ಒಳ್ಳೇದೇ ಆಗ್ತಿತ್ತು. ಹುಡುಗರು ನ... ನಗೋ ಮೊದಲೇ ನೀನು ಮುಗಿಸಿಬಿಡ್ತಿದ್ದೆ." ಬಾಗಿಲಿಂದ ಎದ್ದು ತಮ್ಮನ ಪಕ್ಕ ಬಂದು ಕೂತ. "ಆದರೆ ಪುಟ್ಟ, ನ... ನನಗೆ ಟೀ ಅಂದ್ರೆ ಆಗಲ್ಲ."

"ಏನು-ನು?"

"ಹೋಟ್ಲಿಗೆ ಹೋದಾಗೆಲ್ಲ ನಾನು ನ... ನ... ನನಗೆ ಅನ್ನೋಷ್ಟರಲ್ಲಿ ನೀನು ಎ... ಎರಡು ಟೀ ಅಂತಿದ್ದೆ. ನಂಗೆ ಬೇಕಿದ್ದದ್ದು ಕಾ... ಕಾಫಿ."

ಅಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು. ಅಪ್ಪ ಅಣ್ಣನ ಮುಖವನ್ನೇ ನೋಡಿದ. ಮೊದಲು ಅವನ ಎಡಗಣ್ಣು ಕಿರಿದಾಯಿತು. ಆಮೇಲೆ ನಗು ಬಂತು, ಬಿದ್ದ ದಿನದಿಂದ ನಾವು ಕೇಳದಿದ್ದ ದೊಡ್ಡ ನಗು. ನಗುವಿನಲ್ಲಿ ತೊದಲಿಲ್ಲವೆಂದು ನನಗೆ ಗೊತ್ತಾದದ್ದು ಆಗಲೇ. ಇಬ್ಬರೂ ಗೋಡೆಗೊರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಪ್ಪನ ಕಣ್ಣಿನ ನೀರು ನಗು ನಿಂತ ಮೇಲೂ ನಿಲ್ಲಲಿಲ್ಲ. "ಇಷ್ಟು ವರ್ಷ-ರ್ಷ... ಯಾಕೆ ಕುಡಿದೆ-ದೆ?" ಎಂದು ಕೇಳಿದ. "ನೀ... ನೀನು ಅಷ್ಟು ಪ್ರೀತಿಯಿಂದ ಹೇಳ್ತಿದ್ದೆ," ಎಂದ ದೊಡ್ಡಪ್ಪ.

ಮರುದಿನ ಇಬ್ಬರೂ ಒಟ್ಟಿಗೆ ಅಂಗಡಿಗೆ ಹೋದರು. ಕೌಂಟರಿನ ಹಿಂದೆ ಎರಡು ಕುರ್ಚಿ ಬಂದವು. ಅಡ್ಡಗೋಡೆಯನ್ನು ಬಿಚ್ಚಿಸಿ, ದೊಡ್ಡಪ್ಪ ತನ್ನ ಮೇಜನ್ನು ಮುಂದಕ್ಕೆ ಎಳೆದುಕೊಂಡ. ಮಾತಿನ ಮೇಡಂ ದೊಡ್ಡಪ್ಪನನ್ನೂ ಸೇರಿಸಿಕೊಂಡರು. "ಈ ವಯಸ್ಸಲ್ಲಿ ಯಾ... ಯಾಕೆ ಮೇಡಂ?" ಎಂದದ್ದಕ್ಕೆ, "ಮುಂದೆ ಇನ್ನೂ ಮಾತಾಡೋದಿದೆಯಲ್ಲ," ಎಂದರಂತೆ. ಮೊದಲ ಅಕ್ಷರವನ್ನು ದೂಡದೆ, ಉಸಿರಿನ ಜೊತೆ ಮೆಲ್ಲಗೆ ಬಿಡುವುದನ್ನು ಅವನು ಕಲಿತ. ಅವನ ಉಗ್ಗು ಹೋಗಲಿಲ್ಲ, ಆದರೆ ಕಣ್ಣು ಮುಚ್ಚುವುದು ಹೋಯಿತು.

ಅಕ್ಷರಕ್ಕೊಂದು ಸಲ ಬೆರಳು ಸರಿಸುವ ಅಭ್ಯಾಸದಲ್ಲಿ ಅಪ್ಪ ಮೇಡಂ ಕೊಟ್ಟ ಹಲಗೆಯಿಂದ ಕೌಂಟರಿನ ಅಂಚಿಗೆ ಬಂದ, ಕೌಂಟರಿನ ಅಂಚಿನಿಂದ ತನ್ನ ಹೆಬ್ಬೆರಳಿಗೆ. ಹೆಬ್ಬೆರಳಿಂದ ಉಳಿದ ಬೆರಳುಗಳ ತುದಿ ಮುಟ್ಟುತ್ತ ಮಾತಾಡುವುದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಒಂದೂವರೆ ವರ್ಷದ ಹೊತ್ತಿಗೆ ದಿನದ ವ್ಯವಹಾರದ ಮಾತು ಬಹುಮಟ್ಟಿಗೆ ಸಲೀಸಾಗಿತ್ತು. ದಣಿದಾಗ, ನಿದ್ದೆಗೆಟ್ಟಾಗ ಮಾತಿಗೆ ಮತ್ತೆ ಬಾಲ ಬೆಳೆಯುತ್ತಿತ್ತು. ಆ ಮೊದಲಿನ ಅರಳು ಹುರಿಯುವ ಮಾತು ಮಾತ್ರ ವಾಪಸು ಬರಲಿಲ್ಲ. ಮಾತಿಗಾಗಿಯೇ ಬರುತ್ತಿದ್ದ ಕೆಲವು ಗಿರಾಕಿಗಳು ನಿಧಾನಕ್ಕೆ ಬರುವುದನ್ನು ನಿಲ್ಲಿಸಿದರು. ಹೊಸಬರು ಬಂದರು.

ಅವರಲ್ಲೊಬ್ಬರು ಮುದುಕರು, ನಿವೃತ್ತ ರೈಲ್ವೆ ಗಾರ್ಡು. ತೀರಿಕೊಂಡ ಹೆಂಡತಿಯ ಚಿಕ್ಕ ಫೋಟೋ ತಂದಿದ್ದರು. ಅಪ್ಪ ಅದನ್ನು ಬೆಳಕಿಗೆ ಹಿಡಿದು, "ನಗ್ತಾ... ಇದ್ದಾರೆ," ಎಂದ, ಅಷ್ಟೇ. ಮುಂಚೆಯಾಗಿದ್ದರೆ ಅಷ್ಟು ಹೊತ್ತಿಗೆ ಆ ಹೆಂಗಸಿನ ಬಗ್ಗೆ ಅವರಿಗಿಂತ ಹೆಚ್ಚು ಇವನೇ ಮಾತಾಡಿರುತ್ತಿದ್ದ. ಮುದುಕರು ಅಪ್ಪ ಇನ್ನೇನಾದರೂ ಹೇಳಬಹುದೆಂದು ಕಾದು, ಆಮೇಲೆ ತಾವೇ ಶುರುಮಾಡಿದರು. ಆಕೆ ಯಾವುದಕ್ಕೆ ನಗುತ್ತಿದ್ದಳು, ಫೋಟೋ ತೆಗೆದವನು ಹೇಗೆ ಕಾಲು ಜಾರಿದ, ಎಲ್ಲ. ದೊಡ್ಡಪ್ಪ ಗಾಜು ಕೊಯ್ಯುವುದನ್ನು ನಿಲ್ಲಿಸಿ ಕೇಳಿದ. ಆಮೇಲೂ ಅವರು ಕಟ್ಟು ಹಾಕಿಸಲು ಏನೂ ಇಲ್ಲದೆಯೇ ಬಂದು ಕೂರುತ್ತಿದ್ದರು.

ಅಪ್ಪನ ಹಳೆಯ ದನಿ ಎಲ್ಲೂ ಉಳಿದಿಲ್ಲ. ಅಷ್ಟು ಮಾತಾಡುವವನ ದನಿಯನ್ನು ಹಿಡಿದಿಡಬೇಕೆಂದು ಯಾರಿಗೆ ತಾನೆ ಹೊಳೆಯುತ್ತದೆ? ಊರಿಗೆಲ್ಲ ಕಟ್ಟು ಹಾಕಿಕೊಟ್ಟವರು ನಾವು, ಆ ಒಂದನ್ನು ಬಿಟ್ಟೆವು. ಕೆಲವು ಸಲ ಬಸ್ಸಿನಲ್ಲೋ ಸಂತೆಯಲ್ಲೋ ಯಾರಾದರೂ ಎಡೆಬಿಡದೆ ಮಾತಾಡುತ್ತಿದ್ದರೆ, ಬೇರೆಯವರಿಗೆ ತಲೆನೋವಾಗುವ ಆ ಸದ್ದಿನಲ್ಲಿ ನಾನು ಒಂದಷ್ಟು ದೂರ ಸುಖವಾಗಿ ಪ್ರಯಾಣ ಮಾಡುತ್ತೇನೆ. ಅಪ್ಪನಿಗೂ ಅದರ ನೆನಪು ಕಾಡುತ್ತಿತ್ತು. ಒಮ್ಮೆ ಕೇಳಿದ್ದೆ. "ಕನಸಲ್ಲಿ ನಾನು ಈಗಲೂ ಹ-ಹಳೇ ಥರಾನೇ ಮಾತಾಡ್ತೀನಿ," ಎಂದ. "ಎದ್ದಾಗ ಬೇಜಾರಾಗುತ್ತಾ?" ಎಂದೆ. "ಎದ್ದ ಮೇಲೆ, ನಾನು ಮುಗಿಸೋವರೆಗೂ ಕಾಯೋಕೆ ಜ-ಜನ ಇದ್ದಾರಲ್ಲ," ಎಂದ.

ಅಂಗಡಿಯನ್ನು ಬಿಟ್ಟುಕೊಟ್ಟು ಕೆಲವು ವರ್ಷಗಳಾದವು. ಆ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ನಡೆಯುತ್ತದೆ. ಅಮ್ಮ ಇಲ್ಲ. ಅಣ್ಣತಮ್ಮಂದಿರಿಬ್ಬರೂ ನಮ್ಮ ಜೊತೆಯಲ್ಲಿದ್ದಾರೆ. ದೊಡ್ಡಪ್ಪನ ಕಣ್ಣು ಮಂಜಾಗಿದೆ, ಹತ್ತಿರದ ಅಕ್ಷರ ಕಾಣುವುದಿಲ್ಲ. ಬೆಳಿಗ್ಗೆ ಬಿಸಿಲು ಬೀಳುವ ವರಾಂಡದಲ್ಲಿ ಅಪ್ಪ ಪೇಪರು ಹಿಡಿದು, ಬೆರಳು ಸರಿಸುತ್ತ ಅವನಿಗೆ ಓದಿ ಹೇಳುತ್ತಾನೆ. ಒಂದು ಪುಟ ಮುಗಿಯುವಷ್ಟರಲ್ಲಿ ಬಿಸಿಲು ಮೆಟ್ಟಿಲಿಗೆ ಇಳಿದಿರುತ್ತದೆ. ಮೊನ್ನೆ ಹವಾಮಾನದ ಸುದ್ದಿಯ ನಡುವೆ ಅಪ್ಪ "ಮಳೆ-ಳೆ-ಳೆ-ಳೆ" ಎಂದು ನಿಂತುಬಿಟ್ಟ. ಒಳಗಿನಿಂದ ನಾನು ಕೇಳಿಸಿಕೊಳ್ಳುತ್ತಿದ್ದೆ. ಬರುತ್ತದೋ ಇಲ್ಲವೋ ತಿಳಿಯಬೇಕಿತ್ತು. ಹಗ್ಗದ ಮೇಲೆ ಬಟ್ಟೆಯಿತ್ತು. ದೊಡ್ಡಪ್ಪ ಕತ್ತು ಒಂದು ಕಡೆ ವಾಲಿಸಿ, ಕೈ ಮಡಿಲಲ್ಲಿಟ್ಟುಕೊಂಡು, ಏನೂ ಅವಸರವಿಲ್ಲದೆ ಕಾಯುತ್ತಿದ್ದ.